ಕೆಡವಬೇಕಾಗಿದ್ದ ದೊಡ್ಡಂಗಡಿ

ಹುಬ್ಬಳ್ಳಿ,
ಇಸವಿ ೨೨೩೧, ಹದಿಮೂರನೆಯ ತಿಂಗಳ ಒಂಬತ್ತು

ಕುಂದಗೋಳದ ಕಾಶವ್ವ ಆಯಿಗೆ, ಎಂಟು ತಲೆಮಾರು ಕೆಳಗಿನ ಮೊಮ್ಮಗಳು ನೀಲಾಂಬಿಕೆಯ ಶರಣು.

ಹದಿಮೂರನೆಯ ತಿಂಗಳು ಎಲ್ಲಿಂದ ಬಂತು ಎಂದು ನಗಬೇಡ, ನಮ್ಮಲ್ಲಿ ವರ್ಷಕ್ಕೆ ಅಷ್ಟಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊ. ಆಯಿಗೆ ನೀನು ಅನ್ನುವ ರೂಢಿ ಮಾತ್ರ ನಮ್ಮ ಮನೆಯಲ್ಲಿ ಬದಲಾಗಿಲ್ಲ.

ಮಗಳ ಮದುವೆಗೆ ಮುಂಚೆ ಹುಬ್ಬಳ್ಳಿಯ ದೊಡ್ಡಂಗಡಿಯ ಸೀರೆಗಳನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ನೀನು ಹೋಗಿದ್ದೆ. ಕೊಳ್ಳಲಿಕ್ಕಲ್ಲ, ಬರೀ ನೋಡಲಿಕ್ಕೆ. ಕಾವಲುಗಾರ ನಿನ್ನ ಹರಿದ ಚಪ್ಪಲಿ ನೋಡಿದ. ನೀನು ಒಳಗೆ ಕಾಲಿಡದೆ ಬಸ್ ಹತ್ತಿದೆ. ಈ ಕಥೆ ನಮ್ಮಲ್ಲಿ ಇವತ್ತಿಗೂ ಹಸಿಯಾಗಿದೆ. ಹೇಳಿದಾಗಲೆಲ್ಲ ನಮ್ಮವ್ವ ಆ ಅಂಗಡಿಗೆ ಬೆಂಕಿ ಬೀಳಲಿ ಎನ್ನುತ್ತಾಳೆ. ನಾನೂ ಅದನ್ನೇ ಕೇಳಿ ಬೆಳೆದವಳು.

ಈಗ ನಮ್ಮೂರಲ್ಲಿ ಅಂಗಡಿಗಳೇ ಇಲ್ಲ. ಮನೆಮನೆಯ ಗೋಡೆಯಲ್ಲೂ ‘ಒದಗು’ ಎಂಬ ಗೂಡಿದೆ. ಉಪ್ಪು ತೀರುವ ಮೊದಲೇ ಉಪ್ಪು, ರವಿಕೆ ಹರಿಯುವ ಮೊದಲೇ ರವಿಕೆ ಅದರಲ್ಲಿ ಬಂದು ಕೂತಿರುತ್ತದೆ. ಬೇಕು ಎನ್ನುವ ಕೆಲಸವೇ ಇಲ್ಲ. ಸುಖವಾಗಿದ್ದೇವೆ, ಸುಳ್ಳು ಯಾಕೆ ಹೇಳಲಿ. ಉಳಿದಿರುವುದು ದೊಡ್ಡಂಗಡಿ ಒಂದೇ. ಅದರ ಕಂಪನಿ ಮುಳುಗಿ ನೂರು ವರ್ಷವಾಯಿತು, ಊರೇ ಅದನ್ನು ನಡೆಸಿಕೊಂಡು ಬಂದಿದೆ. ಆ ನಾಲ್ಕಂತಸ್ತಿನ ಗಾಜು ಕಂಡ ಮೇಲೆಯೇ ಪರವೂರಿನವರಿಗೆ ಹುಬ್ಬಳ್ಳಿ ಮುಟ್ಟಿದ್ದು ಖಾತ್ರಿ. ಮದುಮಕ್ಕಳು ಮೆಟ್ಟಿಲ ಮೇಲೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಒಳಗೆ ಹೋಗುವವರು ಕಡಿಮೆ.

ಈ ವರ್ಷ ಅದನ್ನು ಕೆಡವಿ ಒದಗಿನ ಉಗ್ರಾಣ ಕಟ್ಟುವ ಮಾತು ಚೀಟಿಸಭೆಗೆ ಬಂತು. ಚೀಟಿ ಎತ್ತಿ ಆರಿಸಿದ ಹನ್ನೊಂದು ಜನರ ಸಭೆ ಅದು, ಅದರಲ್ಲಿ ನಾನೂ ಒಬ್ಬಳು. ಐವರು ಕೆಡವಿ ಎಂದರು, ಐವರು ಬೇಡ ಎಂದರು. ಉಳಿದದ್ದು ನನ್ನ ಮತ. ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡೆ. ಆದರೆ ನಮ್ಮಲ್ಲೊಂದು ಕಟ್ಟಳೆ ಇದೆ: ಮತ ಹಾಕುವ ಮೊದಲು ಆ ಜಾಗದಲ್ಲಿ ಒಂದು ದಿನ ಕೂತು ಬರಬೇಕು.

ನಿನ್ನ ಹಾಗೆಯೇ ಹರಿದ ಚಪ್ಪಲಿ ಮೆಟ್ಟಿ ಹೋಗುವ ಹಟ ನನಗೆ. ಒದಗಿನ ದೆಸೆಯಿಂದ ಇಡೀ ಓಣಿಯಲ್ಲಿ ಹರಿದದ್ದು ಒಂದೂ ಸಿಗಲಿಲ್ಲ. ಹೊಸದರ ಬಾರನ್ನೇ ಕತ್ತರಿಸಿಕೊಂಡೆ. ಬಾಗಿಲಲ್ಲಿದ್ದ ಮುದುಕ, ಸೀರೆ ತೋರಿಸುವ ರುದ್ರಮುನಿಯಪ್ಪ, ನನ್ನ ಕಾಲು ನೋಡಿದ. ಬೈಗುಳ ನನ್ನ ತುದಿನಾಲಿಗೆಯಲ್ಲೇ ಇತ್ತು. ‘ಬಾರು ಹರದೈತಿ, ಎಡವೀರಿ, ಹಗೂರಕ ಬರ್ರಿ’ ಎಂದ.

ನನಗೇನೂ ಬೇಡ ಎಂದು ಮುಖ ತಿರುಗಿಸಿದೆ. ‘ಬ್ಯಾಡಾದ್ರ ಬಿಡ್ರಿ ತಂಗಿ, ನೋಡಾಕೇನು?’ ಎಂದು ಹರವತೊಡಗಿದ. ಸಂಜೆಯವರೆಗೆ ನಲವತ್ತು ಸೀರೆ ಹರವಿದ, ನಲವತ್ತನ್ನೂ ಮಡಿಚಿಟ್ಟ, ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಕೆಂಪು ಸೆರಗಿನ ಇಳಕಲ್ ಸೀರೆಯ ಮೇಲಿಂದ ನನ್ನ ಕೈ ಏಳಲಿಲ್ಲ. ನನಗೀಗ ನಲವತ್ತಾರು ವರ್ಷ. ಬೇಕು ಅನ್ನಿಸಿದ್ದು ಅದೇ ಮೊದಲು. ನಾಚಿಕೆಯಾಯಿತು, ಅಳುವೂ ಬಂತು. ಬರೀ ನೋಡಲು ಬಂದವಳನ್ನು ಕೂರಿಸಿ ತೋರಿಸುವ ಜಾಗ ಒಂದೂ ಇಲ್ಲದ ಮೇಲೆ ಊರು ಎಷ್ಟು ದೊಡ್ಡದಾಗಿ ಏನು ಬಂತು?

ನಿನ್ನ ಕಾವಲುಗಾರ ಏನೆಂದುಕೊಂಡು ನೋಡಿದನೋ ಗೊತ್ತಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ. ಆದರೂ ಇವತ್ತು ಬೆಳಿಗ್ಗೆ ಅಂಗಡಿ ಉಳಿಯಲಿ ಎಂದು ಮತ ಹಾಕಿದೆ.

ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಎಂಟು ತಲೆಮಾರಿಗೆ ಒಮ್ಮೆ ಸಿಕ್ಕ ಸೇಡನ್ನು ಕೈಯಾರೆ ಕಳೆದೆಯಲ್ಲೇ ಎಂಬುದು ಅವಳ ಕಡೆಯ ಮಾತು. ಅದು ಸುಳ್ಳಲ್ಲ. ನೀನೂ ಬೈಯುವುದಿದ್ದರೆ ಬೈಯಿ, ಕೇಳಿಸಿಕೊಳ್ಳುತ್ತೇನೆ. ಆದರೆ ಅದಕ್ಕೆ ಮೊದಲು ಇನ್ನೊಂದು ಸಲ ಹುಬ್ಬಳ್ಳಿಯ ಬಸ್ ಹತ್ತು ಆಯಿ. ಏನೂ ಕೊಳ್ಳಬೇಡ. ಒಳಗೆ ಹೋಗಿ ಕೂತುಕೊಂಡು, ಇದ್ದಬದ್ದ ಸೀರೆಯನ್ನೆಲ್ಲ ಹರವಿಸಿ ನೋಡಿ ಬಾ.