ಆ ಗ್ರಹದ ನೀರಾವಿ

ಮಾರ್ಚ್ 3, ಬೆಳಿಗ್ಗೆ 6
ಅಪ್ಪನಿಗೆ ಬಿಪಿ ಗುಳಿಗೆ ಕೊಟ್ಟು ಲ್ಯಾಪ್‌ಟಾಪ್ ತೆಗೆದೆ. ಸುರಪುರಕ್ಕೆ ರಜೆಗೆ ಬಂದರೂ ಕೆಲಸ ಬಿಡದು. ದೂರದ ಒಂದು ಗ್ರಹ ತನ್ನ ನಕ್ಷತ್ರದ ಮುಂದೆ ಹಾಯುವಾಗ ಬಾಹ್ಯಾಕಾಶ ದೂರದರ್ಶಕ ಹಿಡಿದ ಬೆಳಕು. ಅದರಲ್ಲಿ ನೀರಾವಿಯ ಗುರುತು ಇದೆ. ಅಂದರೆ ಅಲ್ಲಿ ಗಾಳಿ ಇದೆ. ಮೊದಲು ಕಂಡದ್ದು ನಾನು. ಪೇಪರ್ ಒಪ್ಪಿಗೆಯಾಗಿದೆ, ಮುಂದಿನ ತಿಂಗಳು ಅಚ್ಚು.
ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಅಪ್ಪ ಬಂದವರಿಗೆಲ್ಲ ಹೇಳುತ್ತಾನೆ: “ನನ್ನ ಮಗಳು ಹೊಸಾ ಲೋಕದ ಗಾಳಿ ಹುಡುಕ್ಯಾಳ್ರಿ.”

ಮಾರ್ಚ್ 9
ಎರಡನೇ ವೀಕ್ಷಣೆಯ ಡೇಟಾ ಬಂತು. ನೀರಾವಿ ಅರ್ಧಕ್ಕಿಳಿದಿದೆ. ಗ್ರಹದ ಗಾಳಿ ಇಷ್ಟು ಬೇಗ ಬದಲಾಗದು. ನಕ್ಷತ್ರ ಬದಲಾಗುತ್ತದೆ — ಅದರ ತಣ್ಣನೆಯ ಕಲೆಗಳಲ್ಲೂ ನೀರಾವಿ ಇರುತ್ತದೆ... ಮೂರು ಸಲ ನೋಡಿದೆ. ಮೋಸಹೋಗಿದ್ದೇನೆ.

ಮಾರ್ಚ್ 10
ಗೈಡ್‌ಗೆ ಫೋನ್. “ಅಚ್ಚಾಗಲಿ ಬಿಡಿ. ಮುಂದೆ ಯಾರಾದರೂ ತಿದ್ದುತ್ತಾರೆ. ನಿಮ್ಮ ಪಿಎಚ್‌ಡಿ ಇದರ ಮೇಲೇ ನಿಂತಿದೆ, ಶಿವಾನಿ.”
ಪೇಪರಿನಲ್ಲಿ ಮೊದಲ ಹೆಸರು ನನ್ನದು.

ಮಾರ್ಚ್ 17
ಪೇಪರಿನಲ್ಲಿ ತಪ್ಪಿದೆ ಎಂದು ನಾನೇ ಜರ್ನಲ್‌ಗೆ ಬರೆದಿದ್ದೆ. ಪೇಪರ್ ನಿಂತಿತು. ಗೈಡ್ ಅವರಿಂದ ಒಂದೇ ಸಾಲಿನ ಮೇಲ್: ಬೇರೆ ಗೈಡ್ ನೋಡಿಕೊಳ್ಳಿ.
ಅಪ್ಪನಿಗೆ ಹೇಳಿದೆ.
“ಗಾಳಿ ಇಲ್ಲೇನು?”
“ಇದ್ದರೂ ನಾವು ಕಂಡಿಲ್ಲಪ್ಪ. ಕಂಡಿದ್ದು ನಕ್ಷತ್ರದ ಕಲೆ.”
“ಇದು ಯಾರ್ಯಾರಿಗೆ ಗೊತ್ತಿತ್ತು?”
“ನನಗ. ಗೈಡ್‌ಗ.”
“ಮತ್ತ ಸುಮ್ಮನಿರಾಕ ಏನಾಗಿತ್ತು ನಿನಗ? ನಮ್ಮ ಓಣ್ಯಾಗ ಯಾರು ಅಷ್ಟು ದೂರ ಹೋಗಿದ್ರು?”
ಗೋಡೆಯ ಕಡೆ ಹೊರಳಿ ಮಲಗಿದ.

ಮಾರ್ಚ್ 26
ಒಂಬತ್ತು ದಿನ. ಮಾತಿಲ್ಲ. ಗುಳಿಗೆ ಅವ್ವನೇ ಕೊಡಬೇಕು. ಅಪ್ಪನ ಹಳೇ ಗೆಳೆಯ ಬಸವಂತ್ರಾಯ ಮಾಸ್ತರರು ನನಗೆ ಸನ್ಮಾನ ಮಾಡಲು ಹಾರ, ಶಾಲು ಹಿಡಿದು ಬಂದರು. ಅಪ್ಪ ಎದ್ದು ಕೂತ. “ಒಯ್ರಿ ಮಾಸ್ತರ. ಆಕಿ ತಪ್ಪು ಮಾಡ್ಯಾಳ.”
ಯಾವ ತಪ್ಪು ಎಂದು ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ 14
ಅಪ್ಪ ಹೋಗಿ ಹನ್ನೆರಡು ದಿನ. ಸ್ಟ್ರೋಕ್. ಯಾದಗಿರಿ ಆಸ್ಪತ್ರೆಗೆ ಒಯ್ಯುವಾಗ, ಶಹಾಪುರ ದಾಟುವ ಮೊದಲೇ. ಆಂಬುಲೆನ್ಸ್‌ನಲ್ಲಿ ನಾನೊಬ್ಬಳೇ ಇದ್ದೆ. ಬಾಯಿ ಸೊಟ್ಟಗಾಗಿತ್ತು, ಮಾತು ಹೊರಡಲಿಲ್ಲ. ಕೈ ಮಾತ್ರ ಬಿಗಿಯಾಗಿ ಹಿಡಿದಿದ್ದ. ಸಿಟ್ಟೋ, ಕ್ಷಮೆಯೋ...
ಅವತ್ತೇ ಅವ್ವ ಕೇಳಿದ್ದಳು, “ಏನರ ಅಂದನೇನ ನಿಮ್ಮಪ್ಪ?”
“ಶಾಣ್ಯಾಕಿ ನನ್ನ ಮಗಳು, ಅಂದ.”
ಅವ್ವ ಅದನ್ನೇ ಹೇಳಿಕೊಂಡು ಅಳುತ್ತಾಳೆ. ಇವತ್ತು ಓಣಿಯವರೆಲ್ಲ ಬಾಬಾಸಾಹೇಬರ ಜಯಂತಿಗೆ ಹೋದರು. ಮನೆಯಲ್ಲಿ ನಾವಿಬ್ಬರೇ. ಹತ್ತಿರ ಬಂದು ಕೂತಳು.
“ಇನ್ನೇನಂದ? ಖರೇ ಹೇಳವ್ವ.”
ನಾನು—