ಎಡಗೈಗೆ ಒಪ್ಪಿದ ಇಸ್ತ್ರಿಪೆಟ್ಟಿಗೆ

ಕಮತಗಿ, ೧೯೧೨

ಶಿವಲಿಂಗೀ,

ನೀನು ಲಿಂಗೈಕ್ಯಳಾಗಿ ಎರಡು ವರ್ಷವಾಯಿತು. ಈ ಕಾಗದ ಟಪಾಲಿಗೆ ಹೋಗುವುದಿಲ್ಲ, ಆದರೂ ಸುದ್ದಿ ಹೇಳದೆ ಇರಲಾರೆ. ನಮ್ಮ ಮನೆಗೆ ಇಸ್ತ್ರಿಪೆಟ್ಟಿಗೆ ಬಂತು!

ಮೊನ್ನೆ ಮಗಳು ಗುರುಲಿಂಗವ್ವನನ್ನು ಕರೆದುಕೊಂಡು ಬಾಗಲಕೋಟೆಯ ಬಂದೇನವಾಜ ಸಾಹೇಬರ ಅಂಗಡಿಗೆ ಹೋಗಿದ್ದೆ. ನಾನು ಹೊಳೆಯುವ ಹಿತ್ತಾಳೆಯ ಪೆಟ್ಟಿಗೆಗೆ ಮನಸೋತಿದ್ದೆ. ಅವಳು ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಹಲಗೆಯ ಮೇಲೆ ಆಡಿಸಿ ನೋಡಿದಳು. ಹಿತ್ತಾಳೆಯದಕ್ಕೆ ಹೊಗೆ ಹೋಗುವ ಕೊಳವೆ ಎಡಕ್ಕಿತ್ತು. "ಇದರ ಝಳ ನನ್ನ ಕೈಗೇ ಬಡೀತೈತಿ ಅಪ್ಪಾ," ಎಂದು ಸಾದಾ ಕಬ್ಬಿಣದ್ದನ್ನು ಆರಿಸಿದಳು.

ಸಾಹೇಬರು ನಕ್ಕರು. "ಬಲಗೈಲೆ ಎತ್ತವ್ವಾ. ನಾಳೆ ಅತ್ತಿ ಮನ್ಯಾಗ ಏನಂದಾರು?"

"ಅನ್ನವರು ಅನ್ನಲಿ ಬಿಡ್ರಿ," ಎಂದೆ. "ಆಕಿ ಕೈ, ಆಕಿ ಇಷ್ಟ."

ಮಗಳು ಪೆಟ್ಟಿಗೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನೀನು ಬಲಗೈಯಲ್ಲಿ ರೊಟ್ಟಿ ತಟ್ಟಲು ಕಲಿತದ್ದು ನನ್ನ ಮಾತಿಗೇ ಎಂಬುದು ಅವಳಿಗೆ ಗೊತ್ತಲ್ಲ.

ಇಂದು ಬೆಳಿಗ್ಗೆ ಕೆಂಡ ತುಂಬಿ, ನನ್ನ ಕೋಟಿನ ಮೇಲೆ ಒದ್ದೆ ಅರಿವೆ ಹಾಸಿ ಒತ್ತಿದಳು. ಚುಂಯ್ ಎಂದು ಹಬೆ ಎದ್ದಿತು. ಇಬ್ಬರೂ ಬೆಚ್ಚಿಬಿದ್ದು ನಕ್ಕೆವು. ನಾನು ಕೆಲಸ ಮಾಡುವ ಸಾಲೆಯಲ್ಲಿ ಹೊಳಬಸಪ್ಪ ಮಾಸ್ತರರು ಕೋಟು ಮುಟ್ಟಿ ನೋಡಿ, "ಯಾರ ಕೈಗೆಲಸರಿ ಇದು?" ಎಂದು ಕೇಳಿದರು.

"ಮಗಳದ್ರಿ. ಎಡಗೈಯಾಕಿ," ಎಂದೆ. "ಅವರವ್ವನೂ ಎಡಗೈಯಾಕೀನ ಇದ್ದಳು."

ಹೊರಗಿನವರ ಮುಂದೆ ಈ ಮಾತು ಆಡಿದ್ದು ಇದೇ ಮೊದಲು. ಅವರಿಗೆ ಅದೊಂದು ಸುದ್ದಿಯೇ ಅನ್ನಿಸಲಿಲ್ಲ, ಶಿವಲಿಂಗಿ. "ಭಾಳ ಚಲೋ ಆಗೇತ್ರಿ," ಎಂದು ಹೇಳಿ ತಮ್ಮ ವರ್ಗಕ್ಕೆ ಹೋದರು.

ಅಮಾತೆಪ್ಪ