ಮಸ್ಕತ್ತಿನಿಂದ ಶವಾಗಾರಕ್ಕೆ ಮೂರು ಗಂಟೆ

ಶವಾಗಾರದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಾನು ವಿಮಾನ ಹತ್ತುವ ಮೊದಲೇ ನೀವು ನನ್ನನ್ನು ಬೆಂಗಳೂರಿನಲ್ಲಿ ಇಳಿಸಿದಿರಿ. ಇಳಿದೂ ಬಾರದ ಮಗಳೆಂದು ತೀರ್ಮಾನಿಸಿ ನನ್ನ ಅಮ್ಮನನ್ನು ಫ್ರೀಜರಿನಿಂದ ಹೊರಗೆ ಹಾಕಿಸಿದಿರಿ. ಅವಳ ಮುಖ ಕೊನೆಯ ಸಲ ನೋಡಲು ನನಗೆ ಸಿಗಲಿಲ್ಲ.

ಅಂದು ಬೆಳಿಗ್ಗೆ ಅಮ್ಮ ಚಿಕ್ಕನಿಂಗಮ್ಮ ನಿಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ಮಸ್ಕತ್ತಿನ ಒಂದು ಮನೆಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯೊಬ್ಬರಿಗೆ ಗಂಜಿ ಕುಡಿಸುತ್ತಿದ್ದೆ. ಅದೇ ನನ್ನ ಕೆಲಸ. ಅಪ್ಪ ಕೆಂಪನಂಜಪ್ಪ ಫೋನಿನಲ್ಲಿ ಸುದ್ದಿ ಹೇಳಿದ. ಬರುತ್ತೇನೆ, ನಾನು ಮುಖ ನೋಡುವವರೆಗೆ ಮಣ್ಣು ಮಾಡಬೇಡಿ ಎಂದು ಅಳುತ್ತ ಹೇಳಿದೆ. ಮಸ್ಕತ್ತಿನಲ್ಲಿರುವ ಮಗಳು ಯಾವಾಗ ಬರುತ್ತಾಳೆ ಎಂದು ನೀವು ಅಪ್ಪನನ್ನು ಕೇಳಿದಿರಂತೆ. ಅವನು ಹೇಳಿದ್ದು ಇಷ್ಟೇ: “ಒಂಟವ್ಳೆ ಸಾ.” ಹೊರಟಿದ್ದಾಳೆ ಎಂದು.

ನಮ್ಮ ಬಂಡಳ್ಳಿಯಲ್ಲಿ ಹೊರಟೆ ಎಂದರೆ ಸ್ನಾನಕ್ಕೆ ನೀರು ಕಾಯುತ್ತಿದೆ ಎಂದರ್ಥ. ಕೊಳ್ಳೇಗಾಲದ ಮದುವೆಗೆ ಹೊರಟೆವು ಎಂದವರು ಆಗಿನ್ನೂ ಸೀರೆ ಹುಡುಕುತ್ತಿರುತ್ತಾರೆ. ಮನಸ್ಸು ಹೊರಟರೆ ನಮ್ಮಲ್ಲಿ ಮನುಷ್ಯ ಹೊರಟ ಹಾಗೆಯೇ. ನೀವೂ ಈ ಸೀಮೆಯವರೇ. ನಿಮ್ಮ ಮನೆಯವರು ಹೊರಡುವುದೂ ಹೀಗೆಯೇ ಅಲ್ಲವೇ?

ಆದರೆ ನೀವು ವಿದ್ಯಾವಂತರು. ಮೊಬೈಲ್ ತೆಗೆದು ಮಸ್ಕತ್, ಬೆಂಗಳೂರು ಎಂದು ಒತ್ತಿದಿರಿ. ಎರಡು ಸಾವಿರದ ಮುನ್ನೂರು ಕಿಲೋಮೀಟರ್, ಹಾರಾಟ ಮೂರು ಗಂಟೆ ಚಿಲ್ಲರೆ ಎಂದು ಬಂತು. ನನ್ನ ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿದ್ದದ್ದು ಅದರಲ್ಲಿ ಬಂತೇ? ಅವನು ಅಂಗಡಿ ಮುಚ್ಚಿ ಬರುವವರೆಗೆ ನಾನು ಆ ಬೀರುವಿನ ಮುಂದೆ ಕುಳಿತಿದ್ದದ್ದು? ಅಂದಿನ ವಿಮಾನದಲ್ಲಿ ಸೀಟೇ ಇಲ್ಲದಿದ್ದದ್ದು? ವಿಮಾನ ನಿಲ್ದಾಣದಿಂದ ಬಂಡಳ್ಳಿಗೆ ಬಸ್ಸು ಬದಲಿಸಿ ಬದಲಿಸಿ ಬರಲು ಹಾರಾಟಕ್ಕಿಂತ ಹೆಚ್ಚು ಹೊತ್ತು ಬೇಕೆಂದು ನಿಮಗೆ ಯಾವ ವೆಬ್‌ಸೈಟ್ ಹೇಳಬೇಕಿತ್ತು? ಹುಟ್ಟಿದ ಮೇಲೆ ನೀವು ಬಸ್ಸನ್ನೇ ಹತ್ತಿಲ್ಲವೇ?

ಮಧ್ಯಾಹ್ನ ಕಳೆಯಿತು, ನಾನು ಬರಲಿಲ್ಲ. ಆಗ ನೀವು ಆಡಿದ ಮಾತನ್ನು ಅಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದಾರೆ: “ಮೂರು ಗಂಟೆ ದಾರಿಗೆ ಬರದವಳು ಇನ್ನೇನು ಬರ್ತಾಳಯ್ಯಾ? ಎತ್ಕೊಂಡ್ ಹೋಗು.” ಬೇರೆ ಹೆಣ ಬರುವುದಿತ್ತೇ ಎಂದು ಆಮೇಲೆ ವಿಚಾರಿಸಿದೆ. ಇರಲಿಲ್ಲ. ಮರುದಿನದವರೆಗೂ ನಿಮ್ಮ ಫ್ರೀಜರ್ ಪೆಟ್ಟಿಗೆ ಖಾಲಿಯೇ ತಣ್ಣಗಿತ್ತಂತೆ. ಆ ಬಿಸಿಲಿಗೆ ಮನೆಯಲ್ಲಿ ಇಟ್ಟುಕೊಳ್ಳಲಾಗದೆ, ಹೊತ್ತು ಮುಳುಗುವ ಮೊದಲೇ ನಮ್ಮವರು ಅಮ್ಮನನ್ನು ಮಣ್ಣು ಮಾಡಿದರು. ನಾನು ಬಂದಾಗ ಗುಂಡಿಯ ಮೇಲಿನ ಮಣ್ಣಿನ್ನೂ ಹಸಿಯಾಗಿತ್ತು.

ತಪ್ಪು ನಿಮ್ಮದೆಂದರೆ ಅಪ್ಪ ಒಪ್ಪುವುದಿಲ್ಲ. “ನಾನೇ ಕಣವ್ವ, ಒಂಟವ್ಳೆ ಅಂದ್ಬುಟ್ಟೆ,” ಎಂದು ಹಣೆ ಚಚ್ಚಿಕೊಳ್ಳುತ್ತಾನೆ. ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ತಟ್ಟೆ ಇಟ್ಟರೆ, ನಾನು ಆಚೆ ಹೋಗುವವರೆಗೆ ಮುಟ್ಟುವುದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟು ಉಕ್ಕುವುದು ಈಗ ಇದಕ್ಕೆ.

ನನಗೆ ಪರಿಹಾರ ಬೇಡ, ವಿಚಾರಣೆ ಬೇಡ. ನಿಮ್ಮ ವರ್ಗಾವಣೆಯೂ ಬೇಡ. ಇನ್ನೊಂದು ಊರಿನ ಹೆಣಗಳು ಏನು ಪಾಪ ಮಾಡಿವೆ? ಬಂಡಳ್ಳಿಗೆ ಬನ್ನಿ. ಅಪ್ಪನ ಎದುರು ಕೂತು, ಪೆಟ್ಟಿಗೆ ಖಾಲಿಯಿತ್ತು ಕೆಂಪನಂಜಪ್ಪನವರೇ, ನಾನು ಕಾಯಬಹುದಿತ್ತು, ಕಾಯಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಅವನು ನಿಮಗೆ ಕಾಫಿ ಕೊಟ್ಟಾನು, ಅಂಥವನು. ನಾನು ನೀರೂ ಕೊಡುವುದಿಲ್ಲ.

ಇಂತಿ,
ನಮಸ್ಕಾರ ಹೇಳಲು ಮನಸ್ಸಿಲ್ಲದ,
ಚಿಕ್ಕನಿಂಗಮ್ಮನ ಮಗಳು ಸೌಮ್ಯ